ಮೃದಂಗಕ್ಕೆ ಕಾದ ರೋಹಿಣಿ

ಬಾಗಲಕೋಟೆಯಲ್ಲಿ ಹಾಡುಗಾರರಿಗೆ ಬರವಿಲ್ಲ, ಆದರೆ ಹೆಚ್ಚಿನವರೆಲ್ಲ ಹಿಂದೂಸ್ತಾನಿ. ಇಂಥ ಊರಲ್ಲಿ ವಿದ್ಯಾಗಿರಿಯ ರೋಹಿಣಿಗೆ ಕರ್ನಾಟಕ ಸಂಗೀತದ ಹುಚ್ಚು ಹಿಡಿಯಿತು. ಹಿಡಿಸಿದವರು ಪಕ್ಕದ ಮನೆಗೆ ಬಂದಿದ್ದ ಮೈಸೂರಿನ ಇಂಜಿನಿಯರರ ಹೆಂಡತಿ. ಹುಡುಗಿಯನ್ನು ಕೂರಿಸಿಕೊಂಡು ಸರಳೆಯಿಂದ ವರ್ಣ, ವರ್ಣದಿಂದ ಕೃತಿಗೆ ತಂದರು. ಇನ್ನು ಕಛೇರಿ ನಡೆಸುವುದನ್ನು ಕಲಿಸಬೇಕು ಎನ್ನುವಷ್ಟರಲ್ಲಿ ಗಂಡನಿಗೆ ವರ್ಗವಾಯಿತು. ಸರ್ಕಾರಕ್ಕೆ ರಾಗ ತಾಳ ಏನು ಗೊತ್ತು!

ಆಮೇಲೆ ಪಾಠ ಫೋನಿನಲ್ಲಿ ನಡೆಯಿತು. ಆದರೆ ಮೃದಂಗ ಎಲ್ಲಿಂದ ತರುವುದು? ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿದ್ದ ಮುರ್ತುಜಸಾಬರು ತಬಲಾ ಹೊತ್ತು ಭಾನುವಾರದ ಬಸ್ಸಿಗೆ ಬರತೊಡಗಿದರು. "ನಿನ್ನ ಸಂಗೀತ ನನಗ ತಿಳಿಯಾಂಗಿಲ್ಲ ತಂಗಿ, ಆದ್ರ ಭಾಳ ಚಂದ ಐತಿ" ಎನ್ನುತ್ತಲೇ ಅವಳ ತಾಳಗಳಿಗೆ ಕೈ ಹೊಂದಿಸಿಕೊಂಡರು. ಗಣಪತಿ ಪೆಂಡಾಲು, ಕಾಲೇಜಿನ ಸಮಾರಂಭ, ಮದುವೆಮನೆ, ವರ್ಷಗಟ್ಟಲೆ ಇಬ್ಬರದೂ ಜೋಡಿ. ಅವರು ಒಂಟಿಯಾಗಿ ಬಾರಿಸುವಾಗ, ತಬಲಾದವರ ಪದ್ಧತಿಯಂತೆ, ರೋಹಿಣಿ ಪಲ್ಲವಿಯ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದಳು. ಆ ಸಾಲನ್ನು ಹಿಡಿದೇ ಅವರು ತಾಳದಲ್ಲಿ ಉಳಿಯುತ್ತಿದ್ದರು.

ಆದರೂ ರೋಹಿಣಿಗೆ ಸಮಾಧಾನವಿಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟು ನನ್ನ ಮನೆಗೆ ಬರುತ್ತಿದ್ದಳು. "ಒಮ್ಮೆರ ಮೃದಂಗದ ಜೋಡಿ ಪೂರಾ ಕಛೇರಿ ಹಾಡಬೇಕು. ಅಲ್ಲಿತನಕ ನಾ ಎಂಥಾ ಹಾಡಗಾರ್ತಿ, ಹೇಳ?" ಹೇಳಿದರೂ ಜಗಳ, ಹೇಳದಿದ್ದರೂ ಜಗಳ. ಶ್ರುತಿಪೆಟ್ಟಿಗೆ ಹಿಡಿದು ಅವಳ ಹಿಂದೆ ತಿರುಗುವ ಗೆಳತಿ ನಾನು, ಎಲ್ಲ ನನ್ನ ತಲೆಗೇ.

ಹೋದ ವರ್ಷ ಬಾದಾಮಿಯಲ್ಲಿ ಆ ಅವಕಾಶ ಬಂತು. ಪಿಟೀಲು, ಮೃದಂಗ ಎರಡೂ ಮೈಸೂರಿನಿಂದ. ಚೆನ್ನಾಗಿ ಆದರೆ ಮೈಸೂರಿನಲ್ಲೂ ಹಾಡಿಸುತ್ತೇವೆ ಎಂದಿದ್ದರು ಸಂಘಟಕರು. ಕುಳಗೇರಿ ಕ್ರಾಸಿನ ಚಹಾದಂಗಡಿಯ ಗೋಡೆಗೂ ಅವಳ ಫೋಟೋ ಹತ್ತಿತು.

ಹಾಡಿದಳು ನೋಡಿ, ಜನ ಅಲುಗಾಡಲಿಲ್ಲ. ಕೊನೆಗೆ ಮೃದಂಗದವರು ಒಂಟಿಯಾಗಿ ನುಡಿಸುವ ಸರದಿ. ಕರ್ನಾಟಕ ಪದ್ಧತಿಯಲ್ಲಿ ಆಗ ಹಾಡುವವರು ಬಾಯಿ ಮುಚ್ಚಿ, ಕೈಯಲ್ಲಿ ತಾಳ ಹಾಕುತ್ತ ಕೂರಬೇಕು. ರೋಹಿಣಿಗೆ ಗೊತ್ತಿರಲಿಲ್ಲವೆಂದಲ್ಲ, ವಿಡಿಯೋಗಳಲ್ಲಿ ಎಷ್ಟೋ ಸಲ ನೋಡಿದ್ದಳು. ಆದರೆ ಮೃದಂಗ ಶುರುವಾದದ್ದೇ ತಡ, ಬಾಯಿ ತಾನಾಗಿ ಪಲ್ಲವಿಯ ಸಾಲು ಹಿಡಿದು ಸುತ್ತತೊಡಗಿತು.

"ತಾಳ ಮಾತ್ರ ಹಾಕಮ್ಮ, ಹಾಡಬೇಡ" ಎಂದರು ಮೃದಂಗದವರು, ಮೈಕಿಗೆ ಕೇಳುವಂತೆ. ಯಾರೋ ನಕ್ಕರು. ರೋಹಿಣಿ ಹಾಡು ನಿಲ್ಲಿಸಿದಳು. ಹಾಡು ನಿಂತ ಮೇಲೆ ತಾಳವೂ ತಪ್ಪಿತು, ಸರಿಪಡಿಸಿಕೊಂಡು ಮತ್ತೆ ತಪ್ಪಿತು. ಪಿಟೀಲಿನವರೇ ತಾಳ ಹಾಕಿ ಮುಗಿಸಿದರು. ಮೈಸೂರಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಆ ಮೃದಂಗದ ಮಹಾಶಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಬರಬೇಡಿ ಎಂದು ರೋಹಿಣಿ ಫೋನು ಮಾಡಿದರೂ ಮುಂದಿನ ಭಾನುವಾರ ಮುರ್ತುಜಸಾಬರು ಬಂದರು.

"ಕಾಕಾ, ನಾ ಇನ್ನ ಹಾಡಂಗಿಲ್ರಿ" ಎಂದಳು ರೋಹಿಣಿ.

"ಹಾಡು ಅಂದವ್ರ್ಯಾರು? ಬಾಯಿ ಮುಚ್ಚಿ ತಾಳ ಹಾಕು, ನಾ ಬಾರಸ್ತೇನಿ. ಆ ರೂಢಿ ಹಚ್ಚಿದಾಂವ ನಾನು, ಬಿಡಸಾಂವನೂ ನಾನ."

ಹಾಡಿನ ಸಾಲಿನ ಆಸರೆಯಿಲ್ಲದೆ ಅವರು ಜನ್ಮದಲ್ಲಿ ಒಂಟಿಯಾಗಿ ಬಾರಿಸಿದವರಲ್ಲ. ಸ್ವಲ್ಪ ಹೊತ್ತಿಗೇ ದಾರಿ ತಪ್ಪಿದರು. ಅವಳ ಕೈ ನೋಡಿ ಲೆಕ್ಕ ಹಿಡಿದರು, ಮತ್ತೆ ತಪ್ಪಿದರು. ಬಿಳಿಗಡ್ಡದ ಮನುಷ್ಯ, ಹೊಸದಾಗಿ ಕಲಿಯಲು ಬಂದವರ ಹಾಗೆ ಬೆವರುತ್ತಿದ್ದರು. ನನಗೆ ನೋಡಲಾಗಲಿಲ್ಲ. ಒಂದು ಸಾಲು ಹಾಡಿಬಿಟ್ಟರೆ ಅವರು ತಾಳಕ್ಕೆ ಬರುತ್ತಿದ್ದರು. ರೋಹಿಣಿಯ ತುಟಿ ಅಲುಗಿತು.

"ಹಾಡಬ್ಯಾಡ!" ಎಂದು ಗದರಿದರು.

ರೋಹಿಣಿ ತುಟಿ ಕಚ್ಚಿದಳು. ಕಣ್ಣೀರು ಗಲ್ಲಕ್ಕಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ತಾಳ ನಿಲ್ಲುತ್ತಿತ್ತು.