ಬೋರಲಿಂಗಯ್ಯನವರ ಎ.ಸಿ. ಹುಳು

ನಾನು ಗೌಸ್, ರಾಮನಗರದಲ್ಲಿ ಎ.ಸಿ. ರಿಪೇರಿ ಮಾಡುವವನು. ಇಪ್ಪತ್ತು ವರ್ಷದಲ್ಲಿ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಮರದ ಪುಡಿ ನುಂಗಿದ ಎ.ಸಿ. ನೋಡಿದ್ದೇನೆ, ಕನಕಪುರದಲ್ಲಿ ಇಲಿ ಸಂಸಾರ ಹೂಡಿದ ಎ.ಸಿ.ಯನ್ನೂ ನೋಡಿದ್ದೇನೆ. ಅವೆಲ್ಲ ಬದುಕಿಕೊಂಡವು. ಗುಡೇಮಾರನಹಳ್ಳಿಯ ಬೋರಲಿಂಗಯ್ಯನವರ ಕೈಗೆ ಸಿಕ್ಕ ಎ.ಸಿ. ಮಾತ್ರ ಒಮ್ಮೆ ಸತ್ತೇ ಹೋಗಿತ್ತು.

ಬೋರಲಿಂಗಯ್ಯನವರದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆಸಿ, ಎಳೆ ಹುಳುವನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಕಸುಬು. ಜ್ವರ ಅಂದರೆ ಹೆದರಬೇಡಿ, ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಆ ಎಳೆ ಹುಳುವಿಗೆ ಇಪ್ಪತ್ತೇಳು ಡಿಗ್ರಿ ಬೇಕು, ಗಾಳಿಯಲ್ಲಿ ತೇವ ಬೇಕು. ಏಪ್ರಿಲ್‌ನಲ್ಲಿ ಮಾಗಡಿ ಸೀಮೆ ಕೊಡುವುದು ಮೂವತ್ತೇಳು. ಅದಕ್ಕೇ ಎರಡು ವರ್ಷದ ಹಿಂದೆ ನನ್ನಿಂದ ಎ.ಸಿ. ಹಾಕಿಸಿದರು. ಮಾರನೇ ದಿನವೇ ಗೇಟಿಗೆ ‘ಇಲ್ಲಿ ಎ.ಸಿ. ಹುಳು ದೊರೆಯುತ್ತದೆ’ ಅಂತ ಬೋರ್ಡು ಬಂತು. ರಿಮೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ತಿರುಗತೊಡಗಿದರು. ಮದುವೆ ಮನೆಗೂ ಅದು ಹೋಗುತ್ತಿತ್ತು.

ಮೂರು ತಿಂಗಳಿಗೇ ಫೋನು. ಹೋಗಿ ನೋಡಿದರೆ ಹೊರಗಿನ ಯಂತ್ರಕ್ಕೆ ನಾಲ್ಕೂ ಕಡೆ ತಗಡು ಹೊಡೆಸಿ, ಮೇಲೊಂದು ಬೂದುಗುಂಬಳ ಕಟ್ಟಿದ್ದರು. ಊರಾಚೆ ಜಲ್ಲಿ ಕ್ರಷರ್ ಇದೆ ನೋಡಿ.

“ಧೂಳು ಕುಂತ್ಕತದೆ ಸಾಬ್ರೆ. ಮೇಲಾಗಿ ಬರೋರ ಕಣ್ಣೂ ಒಳ್ಳೇದಲ್ಲ.”

“ಅದು ಉಸಿರಾಡೋದು ಬ್ಯಾಡ್ವಾ ಯಜಮಾನ್ರೆ? ನಿಮ್ಮುನ್ನ ತಗಡಿನ ಡಬ್ಬದೊಳಗೆ ಕೂರ್ಸಿ ಬುಟ್ರೆ ಎಷ್ಟೊತ್ತು ಕೆಲ್ಸ ಮಾಡ್ತೀರಿ?”

ತಗಡು ಕಿತ್ತು ಹಾಕಿದೆ. ಹದಿನೈದು ದಿನಕ್ಕೊಮ್ಮೆ ಒಳಗಿನ ಜಾಲರಿ ತೊಳೆಯಿರಿ, ಹೊರಗಿನದಕ್ಕೆ ಮೆಲ್ಲಗೆ ನೀರು ಬಿಡಿ, ಬರೀ ನೀರು ಅಂತ ಮೂರು ಸಲ ಹೇಳಿದೆ. ಕೋಣದ ಮುಂದೆ ಕಿನ್ನರಿ ಬಾರಿಸಿದೆ ಅನ್ನಿ.

ರೇಷ್ಮೆಯವರಿಗೆ ಬ್ಲೀಚಿಂಗ್ ಪೌಡರ್ ಅಂದರೆ ತೀರ್ಥ. ಒಂದು ಬೆಳೆ ಹುಳು ಮನೆ ಬಿಟ್ಟಿತೋ, ನೆಲ, ಗೋಡೆ, ತಟ್ಟೆ ಎಲ್ಲಕ್ಕೂ ಅದೇ ನೀರು. ಹುಳುವಿನ ರೋಗಕ್ಕೆ ಅದು ಸರಿಯೇ. ಆದರೆ ಬೋರಲಿಂಗಯ್ಯನವರು ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು, ಪ್ರತಿ ಬೆಳೆಗೂ ಎ.ಸಿ.ಗೂ ಒಳಗೆ ಹೊರಗೆ ಬ್ಲೀಚಿಂಗ್ ಸ್ನಾನ ಮಾಡಿಸಿದರು. ವರ್ಷಗಟ್ಟಲೆ! ಕಾಯಿಲ್‌ನ ಅಲ್ಯೂಮಿನಿಯಂ ಪಟ್ಟಿಗಳು ಹಪ್ಪಳದ ಹಾಗೆ ಪುಡಿಯಾದವು. ತಾಮ್ರದ ಕೊಳವೆ ತೂತು ಬಿದ್ದು ಗ್ಯಾಸೆಲ್ಲ ಹೋಯಿತು.

ಅದು ಹೋದದ್ದು ಈ ಏಪ್ರಿಲ್‌ನಲ್ಲಿ, ಮನೆ ತುಂಬ ಹುಳು ಇರುವಾಗ. ಹದಿನೆಂಟು ರೈತರು ಈ ಹುಳುವಿಗೆಂದೇ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬೆಳೆಸಿಕೊಂಡು ಕಾಯುತ್ತಿದ್ದರು. ಎರಡನೇ ಜ್ವರಕ್ಕೆ ಮೂರು ದಿನ ಬಾಕಿ. ಹುಳು ಸತ್ತರೆ ಅವರ ಬೆಳೆಯೂ ಹೋಯಿತು, ಮತ್ತೆ ಆ ಗೇಟಿನ ಕಡೆ ಯಾರೂ ತಲೆ ಹಾಕುವುದಿಲ್ಲ.

“ಬರೀ ನೀರು ಬುಡಿ ಅಂದಿರ್ನಿಲ್ವಾ?” ಅಂತ ಹೋದವನೇ ಕೂಗಾಡಿದೆ.

“ಲೇ, ಮೂವತ್ತೊರ್ಷದಿಂದ ರೇಸ್ಮೆ ಮಾಡ್ತಾ ಇವ್ನಿ ಕಣ್ಲಾ! ಕ್ಲೀನಿಂಗು ನನಗೆ ಏಳ್ಕೊಡ್ತೀಯಾ?” ಸಿಟ್ಟು ಬಂದಾಗ ಸಾಬ್ರೆ ಹೋಗಿ ‘ಲೇ’ ಬರುತ್ತದೆ.

ಅವರ ಹೆಂಡತಿ ಸರಸಮ್ಮ ಬಾಗಿಲಲ್ಲಿ ನಿಂತಿದ್ದರು. “ಅದು ಯಾವಾಗ ಸರಿಯಾಯ್ತದೆ, ಅಷ್ಟು ಏಳಿ” ಅಂದರು.

“ಕಾಯಿಲ್ ಬೆಂಗಳೂರಿಂದ ಬರ್ಬೇಕು ಕಣಕ್ಕ. ಮೂರು ದಿನ.”

ಸರಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮೂವತ್ತು ವರ್ಷ ರೇಷ್ಮೆ ಮಾಡಿದವರು ಯಾರು ಅಂತ ನನಗೆ ಗೊತ್ತಾದದ್ದು ಆಮೇಲೆ, ದಿನಾ ಹೋಗಿ ನೋಡಿದಾಗಲೇ. ಚಾವಣಿ ಶೀಟಿನ ಮೇಲೆ ತೆಂಗಿನ ಗರಿ ಹಾಸಿ ನೀರು ಹೊಯ್ದರು. ಕಿಟಕಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದರು. ಚೀಲ ಒಣಗುವ ಮೊದಲೇ ಮತ್ತೆ ನೀರು, ಮತ್ತೆ ಸೊಪ್ಪು. ಹುಳು ತಟ್ಟೆಯ ಅಂಚಿಗೆ ಹರಿದರೆ ಸಾಕು, “ಸೆಕೆ ಆಯ್ತಾ ಐತೆ ಇವಕ್ಕೆ” ಅಂತ ಬಿಂದಿಗೆ ಎತ್ತುತ್ತಿದ್ದರು. ಆ ಹೊತ್ತಿಗೆ ಯಜಮಾನರು ಏನು ಮಾಡುತ್ತಿದ್ದರು ಅಂದಿರಾ? ಎ.ಸಿ. ಕಂಪನಿಗೆ ಫೋನ್ ಹಚ್ಚಿ, ಕನ್ನಡಕ್ಕೆ ಎರಡನ್ನು ಒತ್ತಿ, ಹಾಡು ಕೇಳುತ್ತಿದ್ದರು. ನಡುವೆ ಥರ್ಮಾಮೀಟರ್ ನೋಡಿ ಬಂದು, “ಇಪ್ಪತ್ತೊಂಬತ್ತು ಕಣೇ!” ಅಂತ ಕ್ರಿಕೆಟ್ ಸ್ಕೋರ್ ಕೂಗುತ್ತಿದ್ದರು.

ಮೂರನೇ ದಿನ ಸಂಜೆ ನಾನು ಕಾಯಿಲ್ ಕೂರಿಸುವ ಹೊತ್ತಿಗೆ ಹುಳು ಒಂದೇ ಸಮ ಜ್ವರಕ್ಕೆ ಕೂತಿದ್ದವು. ಸರಸಮ್ಮನ ಕೈಬೆರಳು ನೀರಲ್ಲಿ ನೆನೆದು ನೆನೆದು ಬಿಳುಚಿ ಸುಕ್ಕಾಗಿದ್ದವು. ನನಗೆ ನಾಚಿಕೆಯಾಯಿತು.

ಬೆಳಗ್ಗೆ ಬಿಲ್ಲು ಬರೆಯಲು ಹೋದಾಗ ರೈತರು ಬಂದಿದ್ದರು. ಸರಸಮ್ಮ ಜಗಲಿ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದರು. ಹುಳು ಒಯ್ಯಲು ಬಂದ ನಾಗಲಕ್ಷ್ಮಮ್ಮ ಅನ್ನುವ ಹೆಂಗಸು ತಟ್ಟೆ ನೋಡಿ ಕಣ್ಣರಳಿಸಿದರು.

“ಈ ಬಿಸ್ಲಲ್ಲೂ ಎಂಗೆ ಸಾಕಿದ್ರಿ ಅಣ್ಣ? ಒಂದೂ ಸೊರಗಿಲ್ವಲ್ಲ!”

“ಎ.ಸಿ. ಕಣವ್ವ, ಎ.ಸಿ.” ಬೋರಲಿಂಗಯ್ಯ ಮೀಸೆ ತೀಡಿದರು. “ಅದೊಂದಿಲ್ದಿದ್ರೆ ಎಲ್ಲಾ ನೆಗೆದ್ಬಿದ್ದೋಗ್ತಿದ್ದೋ.”

ಅಬ್ಬಾ, ಆ ಬಾಯಿಯೇ! ಹೇಳಿಯೇ ಬಿಡೋಣ ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಾಗಲಕ್ಷ್ಮಮ್ಮ ನನ್ನ ಕಡೆ ತಿರುಗಿ, “ನೀವೇನಾ ಸಾಬ್ರೆ ಇದುನ್ನ ಆಕಿದ್ದು? ನಮ್ಮ ಉಳದ ಮನೆಗೂ ಒಂದು ಆಕ್ಕೊಡಿ” ಅಂದರು.

“ಆಗ್ಲವ್ವ” ಅಂದೆ. ತೆರೆದ ಬಾಯಿಂದ ಬಂದದ್ದು ಅಷ್ಟೇ. ಜೇಬಿನಿಂದ ನನ್ನ ನಂಬರಿನ ಚೀಟಿ ತೆಗೆದು ಕೊಟ್ಟೆ.

ಹಿಂದಿನಿಂದ ದನಿ ಬಂತು. ಸರಸಮ್ಮ ಯಾವಾಗಲೋ ಕಣ್ಣು ಬಿಟ್ಟಿದ್ದರು.

“ಆಕುಸ್ಕೊಳವ್ವ, ಆಕುಸ್ಕೊ. ಕೆಟ್ಟೋದಾಗ ನಂಗೆ ಫೋನ್ ಮಾಡು, ನಾನು ಬತ್ತೀನಿ.”