ಬೀಳದ ಹಲ್ಲು, ಏಳುವ ಕುರು

ನನ್ನ ಮಗಳು ಹುಟ್ಟಿದ ತಿಂಗಳಲ್ಲೇ ಅವಳ ಮುಖದ ತುಂಬ ಗುಳ್ಳೆ ಎದ್ದವು. ಮಗು ನೋಡಲು ಬಂದವರೆಲ್ಲ ಕೈಯಲ್ಲಿ ಸೇಬಿನ ಚೀಲ, ಬಾಯಲ್ಲಿ ಒಂದು ಕಾರಣ ಹಿಡಿದುಕೊಂಡೇ ಬಂದರು. ಬಸುರಿಯಾಗಿದ್ದಾಗ ನಾನು ಬದನೆಕಾಯಿ ತಿಂದೆ ಎಂದು ಒಬ್ಬರು, ಗ್ರಹಣ ನೋಡಿದೆ ಎಂದು ಇನ್ನೊಬ್ಬರು. ಹುಣಸಮಾರನಹಳ್ಳಿಯವರಾದ ನನ್ನ ಅತ್ತೆ ಎಲ್ಲರನ್ನೂ ಮೀರಿಸಿ ನಾಗದೋಷವೆಂದು ತೀರ್ಪು ಕೊಟ್ಟು, ಊರಿನ ನಾಗರಕಲ್ಲಿಗೆ ಹಾಲೆರೆದು ಬಂದರು. ಕಲ್ಲು ಫಳಫಳ ಹೊಳೆಯಿತು. ಮಗು ಕೆರೆದುಕೊಳ್ಳುತ್ತಲೇ ಇತ್ತು.

ಡಾಕ್ಟರು ಎಕ್ಸಿಮಾ ಎಂದರು, ಮುಲಾಮು ಬರೆದುಕೊಟ್ಟರು. ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಬಾಗಿಲ ಚಿಲಕದಿಂದ ಟಿವಿ ರಿಮೋಟಿನವರೆಗೆ ಎಲ್ಲವೂ ಮುಲಾಮಿನಿಂದ ಜಾರತೊಡಗಿತು. ಅವಳು ಬೆಳೆದಂತೆ ತುರಿಕೆಯ ಜೊತೆಗೆ ಕುರುಗಳೂ ಸೇರಿಕೊಂಡವು. ಕತ್ತಿನದು ಮಾಯುವಷ್ಟರಲ್ಲಿ ಕಂಕುಳಲ್ಲಿ ಇನ್ನೊಂದು. ವಿಚಿತ್ರವೆಂದರೆ, ನಿಂಬೆಹಣ್ಣಿನಷ್ಟು ಊದಿದರೂ ಅವು ಬಿಸಿಯಾಗುತ್ತಿರಲಿಲ್ಲ, ಕೆಂಪಾಗುತ್ತಿರಲಿಲ್ಲ, ಹೆಚ್ಚು ನೋಯುತ್ತಲೂ ಇರಲಿಲ್ಲ. ನಾನು ಒಳಗೆ ಅಳುತ್ತಿದ್ದರೆ ಅವಳು ಹೊರಗೆ ಕುಂಟೆಬಿಲ್ಲೆ ಆಡುತ್ತಿದ್ದಳು.

ಅವಳಿಗೆ ಎಂಟು ವರ್ಷವಾಗಿದ್ದಾಗ ಹಣೆಯ ಮೇಲೆ ಅಂಥದೇ ಒಂದು ಎದ್ದಿತು. ಹೆಬ್ಬಾಳದ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅತ್ತೆಯೂ ಹೊರಟರು. ಅಲ್ಲಿದ್ದ ಡಾಕ್ಟರಮ್ಮ ಉಬ್ಬನ್ನು ಮುಟ್ಟಿ, "ಎಲ್ಲಾದ್ರೂ ಬಿದ್ದಿದ್ಳಾ?" ಎಂದು ಕೇಳಿದರು.

ಬಿದ್ದ ಮಾತು ಬಂದದ್ದೇ ಅತ್ತೆಗೆ ತಮ್ಮ ಹಳೆಯ ಚಿಂತೆ ನೆನಪಾಯಿತು. "ಅಲ್ಲೇ ಬಿದ್ದಿಲ್ಲ ಕಣವ್ವ," ಎಂದರು.

"ಅಲ್ಲಿ ಬಿದ್ದಿಲ್ಲ, ಸರಿ. ಮತ್ತೆಲ್ಲಿ ಬಿದ್ಳು?"

"ಎಲ್ಲೂ ಬಿದ್ದಿಲ್ಲ. ಅಲ್ಲು ಬಿದ್ದಿಲ್ಲ ಅಂತಿವ್ನಿ, ಅಲ್ಲು!"

ಅತ್ತೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಅದು ಹಲ್ಲು ಎಂದು ನಾನು ಬಿಡಿಸಿ ಹೇಳುವ ಮೊದಲೇ ಅವರು, ಸಂತೆಯಲ್ಲಿ ಹಸು ಕೊಳ್ಳುವವರ ಹಾಗೆ, ಮೊಮ್ಮಗಳ ತುಟಿ ಎತ್ತಿ ತೋರಿಸಿದರು. ಹಾಲುಹಲ್ಲುಗಳು ಅಲುಗಾಡದೆ ಕೂತಿದ್ದವು. ಹಿಂದೆ ಹೊಸ ಹಲ್ಲುಗಳು ಸೀಟು ಸಿಗದವರಂತೆ ಒತ್ತಿಕೊಂಡು ನಿಂತಿದ್ದವು. ಅಲ್ಲಿಯವರೆಗೆ ನಗುತ್ತಿದ್ದ ಡಾಕ್ಟರಮ್ಮ ಅದನ್ನು ಕಂಡದ್ದೇ ನಗು ನಿಲ್ಲಿಸಿ ಟಾರ್ಚ್ ಹಾಕಿ ನೋಡಿದರು. ತುರಿಕೆ ಯಾವಾಗಿನಿಂದ, ಹಿಂದೆ ಎಲ್ಲೆಲ್ಲಿ ಕುರು ಎದ್ದಿತ್ತು, ಬಿಸಿಯಿತ್ತೇ ಎಂದೆಲ್ಲ ಕೇಳಿದರು.

"ಇದು ಬರೀ ಚರ್ಮದ ತೊಂದ್ರೆ ಅಲ್ಲ ಅನ್ಸುತ್ತೆ. ರೋಗನಿರೋಧಕ ಶಕ್ತೀಲೇ ಹುಟ್ಟಿನಿಂದ ಏನೋ ಏರುಪೇರಿರ್ಬಹುದು. ಬ್ಲಡ್ ಟೆಸ್ಟ್ ಮಾಡ್ಸೋಣ," ಎಂದರು.

ಅವರ ಊಹೆ ನಿಜವಾಯಿತು. ವಂಶವಾಹಿಯಲ್ಲಿ ದೋಷವಿತ್ತು. ತುರಿಕೆ, ಬಿಸಿಯಾಗದ ಕುರು, ಬೀಳದ ಹಲ್ಲು ಎಲ್ಲವೂ ಆ ಒಂದೇ ಕಾಯಿಲೆಯವು, ಅದಕ್ಕೆ ಬಾಯಿ ತಿರುಗದಂಥ ಇಂಗ್ಲಿಷ್ ಹೆಸರೂ ಇತ್ತು. "ವಂಶ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆಗೂ ನನ್ನ ಅಮ್ಮನಿಗೂ ಫೋನಿನಲ್ಲಿ ಯುದ್ಧ ಹತ್ತಿತು. ಒಬ್ಬರ ಮನೆತನದ ಕಜ್ಜಿ, ಹುರುಕುಗಳನ್ನು ಇನ್ನೊಬ್ಬರು ಅಜ್ಜಂದಿರ ಕಾಲದಿಂದ ಕೆದಕಿ ತೆಗೆದರು. ಕೊನೆಗೆ ನನ್ನ, ಗಂಡನ ರಕ್ತವನ್ನೂ ಪರೀಕ್ಷಿಸಿದ ಡಾಕ್ಟರಮ್ಮ, ದೋಷ ನಮ್ಮಿಬ್ಬರಲ್ಲಿ ಯಾರಿಂದಲೂ ಬಂದಿಲ್ಲ, ಅವಳಲ್ಲೇ ಹೊಸದಾಗಿ ಶುರುವಾಗಿದೆ, ಮುಂದೆ ಅವಳ ಮಕ್ಕಳಿಗೆ ಹೋಗಬಹುದು ಎಂದರು. ಬೀಗಿತ್ತಿಯರಿಬ್ಬರೂ ಸಪ್ಪಗಾದರು. ನಾನು ಆಟೋದಲ್ಲಿ ಫ್ಲೈಓವರ್ ಉದ್ದಕ್ಕೂ ಬಿಕ್ಕುತ್ತ ಬಂದೆ. ಪೂರ್ತಿ ವಾಸಿಯಾಗುವುದಿಲ್ಲ ಎಂಬುದಕ್ಕೋ, ಕೊನೆಗೂ ಅದಕ್ಕೊಂದು ಹೆಸರು ಸಿಕ್ಕಿತು ಎಂಬುದಕ್ಕೋ, ನನಗೇ ತಿಳಿಯಲಿಲ್ಲ.

ದಿನವೂ ಮಾತ್ರೆ ಶುರುವಾಯಿತು. ಹಲ್ಲಿನ ಡಾಕ್ಟರು ಹಾಲುಹಲ್ಲುಗಳನ್ನು ಕಿತ್ತರು. ಚರ್ಮದ ಮೇಲಿನ ರೋಗಾಣು ಸಾಯಲೆಂದು, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಅಳತೆಯಲ್ಲಿ ಚೂರೇ ಚೂರು ಬ್ಲೀಚ್ ಬೆರೆಸಿದ ನೀರಲ್ಲಿ ಸ್ನಾನ ಮಾಡಿಸಬೇಕಿತ್ತು. "ಕಕ್ಕಸ್ ತೊಳ್ಯೋ ನೀರ್ನ ಮಗೀಗ್ ಉಯ್ತೀಯಾ?" ಎಂದು ಅತ್ತೆ ಕೂಗಾಡಿದರು. ಆಮೇಲೆ ತಮ್ಮ ಕೈಯನ್ನೇ ಟಬ್ಬಿನಲ್ಲಿ ಅದ್ದಿಕೊಂಡು ಕೂತು, ಚರ್ಮ ಸುಲಿದು ಬರದಿದ್ದ ಮೇಲೆ ಒಪ್ಪಿಗೆ ಕೊಟ್ಟರು.

ಕುರು ಈಗಲೂ ಏಳುತ್ತದೆ, ಆದರೆ ಅಪರೂಪಕ್ಕೆ. ಮೊನ್ನೆ ಯಲಹಂಕದ ಬಸ್ಸಿನಲ್ಲಿ ಪಕ್ಕದ ಹೆಂಗಸು ಮಗಳ ಒರಟು ಕೈ ನೋಡಿ ಸೆರಗು ಎಳೆದುಕೊಂಡು, "ಏನಮ್ಮಾ ಇದು, ಅಂಟುತ್ತಾ?" ಎಂದರು. ನಾನು ಮರ್ಯಾದೆಯ ಉತ್ತರ ಹುಡುಕುತ್ತಿದ್ದೆ.

"ಅಂಟಲ್ಲ ಆಂಟಿ," ಎಂದಳು ಮಗಳು. "ಇದನ್ನ ಹುಟ್ಟೋಕ್ ಮುಂಚೇನೇ ಬುಕ್ ಮಾಡ್ಬೇಕು. ನಿಮ್ಗೆ ಈಗ ಸಿಗಲ್ಲ."

ಆ ಹೆಂಗಸು ಕಣ್ಣುಕಣ್ಣು ಬಿಟ್ಟರು. ಕಂಡಕ್ಟರ್ ಕಿಸಕ್ಕನೆ ನಕ್ಕ. ಬೈಯಲು ಬಾಯಿ ತೆರೆದ ನಾನು, ನಗು ಬಂದು, ಕಿಟಕಿಯ ಕಡೆ ತಿರುಗಿಕೊಂಡೆ.