ವಾಯಿದೆ ಹಾಕಿದ ನಮಸ್ಕಾರಗಳು

ಯಾವ ಮನುಷ್ಯನ ಬಗ್ಗೆಯೂ ಅವಸರದಲ್ಲಿ ತೀರ್ಪು ಕೊಡಬಾರದು. ಸತ್ಯವೆಂಬುದು ತಡವಾಗಿ ಹೊರಬರುವ ವಸ್ತು. ಮೂವತ್ತಾರು ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿ ಕೂತು ನಾನು ಕಲಿತದ್ದು ಈ ಒಂದೇ ಪಾಠ. ನಿವೃತ್ತನಾದ ಮೇಲೆ ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಮೂರು ಬ್ಯಾಸ್ಕೆಟ್‌ಬಾಲ್ ತಂಡಗಳ ಮೊದಲ ಹತ್ತು ನಿಮಿಷದ ಆಟ ನೋಡಿ, ಮೂವತ್ತಾರು ಜನರ ಬಗ್ಗೆ ತೀರ್ಪು ಬರೆದು ಅಚ್ಚಿಗೆ ಕಳಿಸುತ್ತೇನೆ.

ತಂಡಗಳೆಂದರೆ ಆಳಂದ, ಅಫಜಲಪುರ, ಜೇವರ್ಗಿ. ಹವ್ಯಾಸಿಗಳಲ್ಲ, ಪಗಾರದ ಆಟಗಾರರು. ಒಂದೊಂದು ತಂಡವನ್ನು ಒಬ್ಬೊಬ್ಬ ಸಾಹುಕಾರ ಸಾಕುತ್ತಾನೆ. ಕಾಲೇಜಿನಲ್ಲಿ ನಾನೂ ಈ ಆಟ ಆಡಿದ್ದೆ, ಜೊತೆಗೆ ನನ್ನ ಅಕ್ಷರ ದುಂಡಗಿದೆ. ಈ ಎರಡು ಕಾರಣಕ್ಕೆ ಮೂರೂ ಊರಿನಲ್ಲಿ ಅಂಕ ಬರೆಯುವ ಮೇಜು ನನ್ನದು. ಅಲ್ಲಿಂದ ಕಂಡದ್ದನ್ನು ವಾರಪತ್ರಿಕೆಯೊಂದಕ್ಕೆ ‘ಋತುವಿನ ಮೊದಲ ಅನಿಸಿಕೆ’ ಎಂದು ಬರೆಯುತ್ತೇನೆ. ಭಾಷೆ ಮಾತ್ರ ಕೋರ್ಟಿನದೇ ಉಳಿದುಬಿಟ್ಟಿದೆ. ಬೇರೆಯವರು ‘ರೋಚಕ ಪೈಪೋಟಿ’ ಎಂದು ಬರೆಯುವ ಕಡೆ ನಾನು ‘ಮೂವರಿಗೆ ರಕ್ತಗಾಯ, ಇಬ್ಬರಿಗೆ ಗುಪ್ತಗಾಯ’ ಎಂದು ಬರೆಯುತ್ತೇನೆ. ಓದುಗರಿಗೆ ಇದರಿಂದ ಆಟದ ಚಿತ್ರ ಚೆನ್ನಾಗಿಯೇ ಸಿಗುತ್ತದೆ.

ನಾನು ಈಗ ಹೇಳಹೊರಟ ವರ್ಷದ ಅನಿಸಿಕೆಗಳು ಹೀಗಿದ್ದವು. ಆಳಂದದವರು ಗಿಡ್ಡ, ಚುರುಕು, ಉಗುರು ಕತ್ತರಿಸಿಕೊಳ್ಳುವುದಿಲ್ಲ. ಅಫಜಲಪುರದವರಿಗೆ ಚೆಂಡು ಎಲ್ಲಿದೆ ಎಂಬ ಚಿಂತೆ ಕಡಿಮೆ, ಎದುರಾಳಿ ಎಲ್ಲಿದ್ದಾನೆ ಎಂಬ ಚಿಂತೆ ಹೆಚ್ಚು. ಅವರ ಕ್ಯಾಪ್ಟನ್‌ಗೆ ಮುಂದಿನ ಎರಡು ಹಲ್ಲಿಲ್ಲ. ಆ ಹಲ್ಲು ಉದುರಿಸಿದವನು ಆಟ ಬಿಟ್ಟು ಈಗ ಕುಂಟುತ್ತ ಕಿರಾಣಿ ಅಂಗಡಿ ನಡೆಸುತ್ತಿದ್ದಾನೆ. ಜೇವರ್ಗಿಯ ವಿಶೇಷವೆಂದರೆ ನಡುವಿನಲ್ಲಿ ನಿಲ್ಲುವ ಆರೂವರೆ ಅಡಿಯ ಒಬ್ಬ ಮನುಷ್ಯ. ನರೋಣಾದವನು, ಇಪ್ಪತ್ತೇಳು ವರ್ಷ, ತುಸು ಜಿಗಿದು ಕೈ ಚಾಚಿದರೆ ಬುಟ್ಟಿಯ ಕಬ್ಬಿಣಕ್ಕೇ ತಾಗುವಂಥವನು.

ಅವನ ಕಷ್ಟ ಒಂದೇ. ಯಾರಿಗಾದರೂ ಕಾಲು ತಾಗಿದರೆ ಬಾಗಿ, ಅವರನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ನಾವೆಲ್ಲರೂ ಮಾಡುವುದೇ. ಬಸ್ಸಿನಲ್ಲಿ ಮಾಡುತ್ತೇವೆ, ಮದುವೆಯ ಪಂಕ್ತಿಯಲ್ಲಿ ಮಾಡುತ್ತೇವೆ. ಆದರೆ ಹತ್ತು ಜನ ಒಬ್ಬರ ಮೇಲೊಬ್ಬರು ಬೀಳುವ ಆಟದಲ್ಲಿ ಇದನ್ನು ಮಾಡುತ್ತ ಹೋದರೆ ಬೇರೇನೂ ಮಾಡಲು ಪುರುಸೊತ್ತು ಸಿಗುವುದಿಲ್ಲ.

ಪದ್ಧತಿಯ ಪ್ರಕಾರ ಸಾಹುಕಾರರು ಹನ್ನೆರಡು ಜನರನ್ನು ಇಟ್ಟುಕೊಂಡು, ಮೂರು ಆಟ ನೋಡಿ, ಇಬ್ಬರನ್ನು ಮನೆಗೆ ಕಳಿಸುತ್ತಾರೆ. ಹಿಂದಿನ ವರ್ಷ ಆಳಂದದವರು ಇವನನ್ನು ಹೀಗೇ ಕಳಿಸಿದ್ದರು. ಈಗ ಜೇವರ್ಗಿಯೂ ಕಳಿಸಿದರೆ ಉಳಿಯುವುದು ಅಫಜಲಪುರ. ಅಲ್ಲಿಯವರಿಗೆ ನಮಸ್ಕಾರ ಮಾಡುವವರ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಅಂದರೆ ಆ ಮೂರು ಆಟದಲ್ಲಿ ಅವನ ಆಟಗಾರಿಕೆಯೇ ಉಳಿಯಬೇಕು ಅಥವಾ ಮುಗಿಯಬೇಕು.

ಮೊದಲ ಆಟ ಆಳಂದದಲ್ಲಿ. ಹಳೆಯ ಪರಿಚಯದವರಾದ್ದರಿಂದ ಆಳಂದದ ಹುಡುಗರು ಅವನು ಜಿಗಿದು ಇಳಿಯುವ ಜಾಗಕ್ಕೆ ಬೇಕೆಂದೇ ತಮ್ಮ ಪಾದ ಇಡತೊಡಗಿದರು. ಇವನು ತುಳಿದ, ಬಾಗಿದ. ಅವರು ಚೆಂಡು ಕಸಿದುಕೊಂಡು, ಕೂಗುತ್ತ ಓಡಿದರು.

“ಬಾಗಲೇ, ಬಾಗು! ಇನ್ನೊಂದು ಕಾಲು ಅದ ನೋಡು, ಅದಕ್ಕೂ ಮಾಡು!”

ಕಟ್ಟೆಯ ಮೇಲೆ ಮಿರ್ಚಿ ತಿನ್ನುತ್ತ ಕೂತಿದ್ದವನೊಬ್ಬ ಕೂಗಿದ: “ಏ ಜೇವರ್ಗಿ, ತೆಂಗಿನಕಾಯಿ ತರೋದು ಮರ್ತ್ಯೇನಲೇ?”

ನಡುವೆ ಜೇವರ್ಗಿಯ ಒಬ್ಬನ ಮೂಗು ಒಡೆಯಿತು, ಆಳಂದದ ಒಬ್ಬನ ಕಿವಿಯ ಹಾಲೆ ಹರಿಯಿತು. ಇವ್ಯಾವೂ ಚರ್ಚೆಗೆ ಬರಲಿಲ್ಲ. ಆಟ ಸೋತ ಮೇಲೆ ಜೇವರ್ಗಿಯ ಸಾಹುಕಾರರು, ಬೇಳೆ ಮಿಲ್ಲಿನ ಒಡೆಯರು, ಎಲ್ಲರ ಮುಂದೆ ಅವನ ಅಂಗಿ ಹಿಡಿದರು. ಹಿಡಿಯಲು ಅವರು ತುದಿಗಾಲಿನಲ್ಲಿ ನಿಲ್ಲಬೇಕಾಯಿತು.

“ನಿನ್ನ ಇಟ್ಕೊಂಡಿದ್ದು ಚೆಂಡು ಹಾಕಾಕೋ, ಮಂದೀ ಕಾಲಿಗೆ ಬೀಳಾಕೋ?”

“ಕಾಲು ತಾಗ್ತದ್ರಿ, ಸಾವ್ಕಾರ್ರ.”

“ತಾಗಲಿ. ಮುರೀಲಿ. ನಿನಗೇನು?”

“ಹಂಗ ಬಿಟ್ರ ಪಾಪ ಹತ್ತತದ್ರಿ.”

“ಮೂರನೇ ಆಟದಾಗ ಒಮ್ಮಿ ಬಾಗು ನೀ. ಹಂಗಾ ಬಾಗಿದಾಂವನ್ನ ಬಸ್ಸಿಗೆ ಹತ್ತಸ್ತೇನಿ.”

ಆ ವಾರ ನಾನು ಬರೆದೆ: ‘ಜೇವರ್ಗಿಯ ನಡು ಆಟಗಾರ ಮರ್ಯಾದಸ್ಥ. ಈ ಆಟಕ್ಕೆ ಇಷ್ಟು ಮರ್ಯಾದೆ ಬೇಕಾಗಿಲ್ಲ.’ ವಾಕ್ಯ ಚೆನ್ನಾಗಿದೆ ಎಂದು ಎರಡು ದಿನ ಖುಷಿಯಾಗಿದ್ದೆ.

ಎರಡನೆಯದು ಅಫಜಲಪುರದಲ್ಲಿ. ಅಲ್ಲಿ ಪಾದ ಇಡುವ ಉಪಾಯಗಳೆಲ್ಲ ಇಲ್ಲ. ಇವನು ಕ್ಯಾಪ್ಟನ್‌ನ ಕಾಲು ತುಳಿದು ಬಾಗಿದ. ಕ್ಯಾಪ್ಟನ್ ಮೊಣಕಾಲು ಎತ್ತಿ ಅವನ ಮುಖಕ್ಕೆ ಕೊಟ್ಟ. ಎಡಹುಬ್ಬು ಸೀಳಿ ರಕ್ತ ಕಣ್ಣಿಗೆ, ಗಲ್ಲಕ್ಕೆ, ಅಂಗಿಗೆ ಇಳಿಯಿತು. ಅವನು ಆ ರಕ್ತದಲ್ಲೇ ಕೈಯನ್ನು ಕಣ್ಣಿಗೊತ್ತಿಕೊಂಡು, ನಮಸ್ಕಾರ ಪೂರ್ತಿ ಮಾಡಿ, ಆಮೇಲೆ ಬಿದ್ದ. ನಾಲ್ಕು ಹೊಲಿಗೆ. ಆ ಆಟವನ್ನೂ ಜೇವರ್ಗಿ ಸೋತಿತು.

ಎರಡು ದಿನದ ಮೇಲೆ ಬೆಳಿಗ್ಗೆ ನನ್ನ ಮನೆಯ ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಪತ್ರಿಕೆ ಇತ್ತು. ಏಟು ತಿನ್ನುವುದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡು ಒಳಗೆ ಕರೆದೆ. ಅವನು ಮೂಲೆಯಲ್ಲಿ ಕಾಲು ಮಡಚಿ ಕೂತು, ಸ್ವಂತ ಅಜ್ಜನನ್ನು ಕರೆದಂತೆ ಮಾತು ಶುರುಮಾಡಿದ.

“ಮುತ್ಯಾ, ನೀವು ಬರದದ್ದು ಸಾವ್ಕಾರ್ರು ಕತ್ತರಿಸಿ ನಮ್ಮ ಗಾಡ್ಯಾಗ ಅಂಟಿಸ್ಯಾರ್ರಿ.”

“ಸುಳ್ಳು ಬರದೀನೇನಪಾ?”

“ಸುಳ್ಳಲ್ರಿ. ಅದಕ್ಕಾ ಬಂದೀನಿ.”

“ಬಾಗೋದು ಬಿಡಾಕ ಆಗಂಗಿಲ್ಲೇನು?”

“ಆಯಿ ಕಲಿಸ್ಯಾಳ್ರಿ, ಸಣ್ಣಾಂವಿದ್ದಾಗ. ಕಾಲು ತಾಗಿದ್ರ ಕೈ ತಾನಾ ಹೋಗ್ತದ. ತಡದ್ರ ಎದಿ ಡವಡವ ಅಂತದ. ನೀವು ಕೋರ್ಟಿನ್ಯಾಗ ಇದ್ದವರು, ಏನರ ಹಾದಿ ಹೇಳ್ರಿ.”

ನಾನು ಯೋಚಿಸಿದೆ. ಯೋಚಿಸಿದಾಗ ನನಗೆ ಹೊಳೆಯುವುದು ನಾನು ಮೂವತ್ತಾರು ವರ್ಷ ಮಾಡಿದ ಕೆಲಸ ಮಾತ್ರ.

“ಬಿಡೋದು ಬ್ಯಾಡ. ವಾಯಿದೆ ಹಾಕು.”

“ಅಂದ್ರ?”

“ಇವತ್ತು ಆಗದ ಕೆಲಸಾನ ಕೋರ್ಟಿನ್ಯಾಗ ಮುಂದಿನ ತಾರೀಖಿಗೆ ಹಾಕ್ತಾರ, ಅದಾ ವಾಯಿದೆ. ಯಾರ್ಯಾರಿಗೆ ಎಷ್ಟು ಸಲ ಕಾಲು ತಾಗ್ತದ ನೆನಪಿಟ್ಕೊ. ಕೊನೀ ಸೀಟಿ ಆದ ಮ್ಯಾಲ ಒಬ್ಬೊಬ್ಬರ ಹಂತೇಕ ಹೋಗಿ ಎಲ್ಲಾ ನಮಸ್ಕಾರ ಮಾಡಿ ಬಾ.”

“ಅಲ್ಲೀತನಕ ಪಾಪ ಹತ್ತಂಗಿಲ್ಲೇನ್ರಿ?”

“ವಾಯಿದೆ ನಡದಾಗ ಯಾರಿಗೂ ಏನೂ ಹತ್ತಂಗಿಲ್ಲ. ಕಣ್ಣಾರೆ ನೋಡೀನಿ.”

ಒಳಗಿಂದ ನನ್ನ ಹೆಂಡತಿ ಮಂಡಕ್ಕಿ ಸೂಸಲದ ತಾಟು ತಂದಿಟ್ಟು ಹೇಳಿದಳು: “ಇವರ ಮಾತು ಕೇಳಬ್ಯಾಡ, ತಮ್ಮಾ. ಇವರ ಕೋರ್ಟಿನ್ಯಾಗ ಒಬ್ಬರ ಕೆಲಸಾನೂ ಮುಗದಿಲ್ಲ.”

ಅವನು ಸೂಸಲ ತಿಂದ. ಮಾತು ಮಾತ್ರ ನನ್ನದೇ ಕೇಳಿದ.

ಮೂರನೆಯ ಆಟ ಜೇವರ್ಗಿಯಲ್ಲಿ, ಮತ್ತೆ ಅಫಜಲಪುರದ ಮೇಲೆ, ಸಂಜೆ ನಾಲ್ಕಕ್ಕೆ. ಅಲ್ಲಿಯ ಅಂಗಳದ ಅಂಚಿಗೆ ಫರಸಿ ಕಲ್ಲು ಹಾಸಿದ್ದಾರೆ. ನೋಡಲು ಚೆಂದ, ಬೀಳಲು ಅಲ್ಲ. ಶುರುವಾಗಿ ಐದು ನಿಮಿಷಕ್ಕೆ ಚೆಂಡು ರೆಫರಿಯ ಮುಖಕ್ಕೆ ಬಡಿದು ಕನ್ನಡಕ ಪುಡಿಯಾಯಿತು. ಆಮೇಲೆ ಆ ಸದ್ಗೃಹಸ್ಥರು ಸದ್ದು ಬಂದ ದಿಕ್ಕಿಗೆ ಸೀಟಿ ಊದುತ್ತಿದ್ದರು.

ಮೊದಲ ಸಲ ಕಾಲು ತಾಗಿದಾಗ ಅವನ ಬಲಗೈ ಅರ್ಧ ಇಳಿಯಿತು. ಅಲ್ಲೇ ನಿಂತಿತು. ತುಟಿ ಅಲ್ಲಾಡಿದವು: ಒಂದು. ಕೈ ಮೇಲೆ ಹೋಗಿ ಚೆಂಡು ಹಿಡಿದು ಬುಟ್ಟಿಗೆ ಹಾಕಿತು. ಇಡೀ ಜೇವರ್ಗಿ ಎದ್ದು ನಿಂತಿತು, ಸಾಹುಕಾರರು ಕುರ್ಚಿಯ ಮೇಲೆಯೇ ನಿಂತರು.

ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಅಷ್ಟು ವರ್ಷ ಅವನು ಪಾದಗಳನ್ನು ತಪ್ಪಿಸಿಕೊಂಡು, ಹೆಂಗಸರು ರಂಗೋಲಿ ದಾಟುವ ಹಾಗೆ ಆಡುತ್ತಿದ್ದ. ಈಗ ತಪ್ಪಿಸಿಕೊಳ್ಳುವ ಕೆಲಸ ಇರಲಿಲ್ಲ. ತುಳಿದ. ತುಳಿದ ಪಾದವನ್ನು ಒತ್ತಿ ಹಿಡಿದೇ ಜಿಗಿದ. ಒಬ್ಬನ ಹೆಬ್ಬೆರಳಿನ ಉಗುರು ಬೂಟಿನೊಳಗೇ ಕಿತ್ತುಬಂತು. ಇನ್ನೊಬ್ಬ ಭುಜದ ಏಟಿಗೆ ಹಾರಿ ಫರಸಿಯ ಮೇಲೆ ಬಿದ್ದು, ಎದ್ದಾಗ ಅವನ ಮುಂಗೈ ಬೇರೆ ಕಡೆಗೆ ತಿರುಗಿತ್ತು. ಅಫಜಲಪುರದವರೂ ಸುಮ್ಮನಿರಲಿಲ್ಲ: ಗುದ್ದಿದರು, ಚಿವುಟಿದರು, ಒಬ್ಬ ಅವನ ಹೊಲಿಗೆಯ ಮೇಲೇ ತಲೆಯಿಂದ ಹಾಯ್ದ. ಹುಬ್ಬು ಮತ್ತೆ ಬಿಚ್ಚಿಕೊಂಡಿತು. ಅವನು ರಕ್ತ ಒರೆಸಿಕೊಂಡು ಎಣಿಸುತ್ತಲೇ ಇದ್ದ.

ಅರ್ಧ ಆಟಕ್ಕೆ ನೀರು ಕುಡಿಯುವ ನೆಪದಲ್ಲಿ ನನ್ನ ಮೇಜಿನ ಹತ್ತಿರ ಬಂದ.

“ಮುತ್ಯಾ, ಒಂಬತ್ತಾದ್ವು.”

“ನಡೀಲಿ.”

“ಮೊಣಕೈಗೂ ವಾಯಿದೆ ಇರ್ತದೇನ್ರಿ?”

ನಾನು ಅಂಕ ಕೂಡಿಸುತ್ತಿದ್ದೆ, ಎರಡೂ ತಂಡ ಸಮವಾಗಿದ್ದವು. ತಲೆ ಎತ್ತದೆ “ಇರ್ತದ” ಎಂದೆ. ಕೋರ್ಟಿನಲ್ಲಿ ಇಷ್ಟು ಬೇಗ ಯಾವ ಆದೇಶವೂ ಹೊರಬಿದ್ದದ್ದು ನನಗೆ ನೆನಪಿಲ್ಲ.

ಕೊನೆಯ ನಿಮಿಷದಲ್ಲಿ ಜೇವರ್ಗಿ ಮೂರು ಅಂಕ ಮುಂದಿತ್ತು. ಬುಟ್ಟಿಯ ಕೆಳಗೆ ಅವನೂ ಕ್ಯಾಪ್ಟನ್ನೂ ಒಟ್ಟಿಗೆ ಜಿಗಿದರು. ಇಳಿಯುವಾಗ ಇವನ ಮೊಣಕೈ ಮೊದಲು ಇಳಿಯಿತು, ಕ್ಯಾಪ್ಟನ್‌ನ ದವಡೆಯ ಮೇಲೆ. ಹಪ್ಪಳ ಮುರಿದ ಸದ್ದು, ಸ್ವಲ್ಪ ದಪ್ಪ ಹಪ್ಪಳ. ಕ್ಯಾಪ್ಟನ್ ಅಂಗಾತ ಬಿದ್ದ. ಬಾಯಿ ಮುಚ್ಚಲು ಬರುತ್ತಿರಲಿಲ್ಲ, ಅದರಿಂದ ರಕ್ತ ಸುರಿಯುತ್ತಿತ್ತು. ರೆಫರಿ ಆ ಕಡೆ ತಿರುಗುವಷ್ಟರಲ್ಲಿ ಇವನು ಚೆಂಡನ್ನು ಒಳಗೆ ಹಾಕಿದ್ದ. ಕ್ಯಾಪ್ಟನ್‌ನನ್ನು ಎಳೆದು ಫರಸಿಯ ಮೇಲೆ ಮಲಗಿಸಿದರು. ಕೊನೆಯ ಸೀಟಿ ಆಯಿತು.

ಜೇವರ್ಗಿಯ ಜನ ಅಂಗಳಕ್ಕೆ ನುಗ್ಗಿ ಅವನನ್ನು ಎತ್ತಿಕೊಳ್ಳಲು ನೋಡಿದರು. ಅವನು ಅವರನ್ನು ಬಿಡಿಸಿಕೊಂಡು ನೇರ ಕ್ಯಾಪ್ಟನ್ ಮಲಗಿದ್ದ ಕಡೆಗೆ ಓಡಿದ. ಅವನ ಪಟ್ಟಿಯಲ್ಲಿ ಅತಿ ಹೆಚ್ಚು ಬಾಕಿ ಇದ್ದದ್ದು ಅಲ್ಲೇ. ಅಫಜಲಪುರದವರಿಗೆ ಕಂಡದ್ದು ಇಷ್ಟು: ದವಡೆ ಮುರಿದ ರಾಕ್ಷಸ ಇನ್ನೂ ಸಾಲದೆಂದು ಓಡಿ ಬಂದು, ಬಿದ್ದವನ ಮೇಲೆ ಬಾಗುತ್ತಿದ್ದಾನೆ.

“ನಮಸ್ಕಾರ ಮಾಡಾಕ ಬಂದಾನ್ರೋ! ಬಿಡ್ರೋ!” ಎಂದು ನಾನು ಮೇಜಿನ ಮೇಲೆ ಹತ್ತಿ ಕೂಗಿದೆ.

“ನಾವೂ ಮಾಡ್ತೇವಿ, ತಡಿಯೋ ಮುತ್ಯಾ,” ಎಂದ ಒಬ್ಬ, ಮತ್ತು ಕಬ್ಬಿಣದ ಮಡಚುವ ಕುರ್ಚಿ ಎತ್ತಿದ.

ಕುರ್ಚಿ ಮೂರು ಸಲ ಇಳಿಯಿತು, ಮೊದಲು ಬೆನ್ನಿಗೆ, ಆಮೇಲೆ ಎರಡು ಸಲ ಕಾಲಿಗೆ. ಇನ್ನಿಬ್ಬರು ಬೂಟುಗಾಲಿನಿಂದ ಒದ್ದರು. ಅವನು ಕೈ ಎತ್ತಲಿಲ್ಲ. ಎತ್ತಲು ಕೈ ಖಾಲಿ ಇರಲಿಲ್ಲ. ಒಂದು ಕ್ಯಾಪ್ಟನ್‌ನ ಪಾದದ ಮೇಲಿತ್ತು, ಇನ್ನೊಂದು ಕಣ್ಣಿನ ಮೇಲೆ. ನಾನು ಮೇಜಿನಿಂದ ಇಳಿದು ಅಲ್ಲಿಗೆ ತಲುಪುವ ಹೊತ್ತಿಗೆ ಅವನು ಏಳನೆಯದನ್ನು ಎಣಿಸುತ್ತಿದ್ದ.

ಜೇವರ್ಗಿ ಐದು ಅಂಕಗಳಿಂದ ಗೆದ್ದಿತು. ಸಾಹುಕಾರರು ಅವನನ್ನು ಹತ್ತು ಜನರ ಪಟ್ಟಿಯಲ್ಲಿ ಉಳಿಸಿಕೊಂಡರು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಅವನು ಮತ್ತೆ ಆಡಲಿಲ್ಲ.